ಶಂದತ್ ಕಣಿವೆಯ ಬಿಳುಪು

ಹಿಮವನ್ನು ತೂಗುವ ತಗಡಿನ ಕೊಳವೆ ಆ ಚಳಿಗಾಲದಲ್ಲಿ ಒಮ್ಮೆಯೂ ಗೋಡೆಯ ಮೊಳೆಯಿಂದ ಕೆಳಗಿಳಿದಿರಲಿಲ್ಲ. ವೀಕ್ಷಣಾಲಯದ ಬೇಲಿಯೊಳಗೆ ನೆಟ್ಟಿದ್ದ ಅಳತೆಗೋಲುಗಳ ಬುಡದಲ್ಲಿ ನೆಲ ಕಪ್ಪಗೆ ಬಿರಿದಿತ್ತು. ಬೇಸಗೆಯಲ್ಲಿ ಮಳೆ ಕೈಕೊಟ್ಟಿತ್ತು. ಒಣಗಿದ ಮಣ್ಣು ಒಣಗಿದ ಸ್ಥಿತಿಯಲ್ಲೇ ಹೆಪ್ಪುಗಟ್ಟಿ ಕಲ್ಲಾಗಿತ್ತು. ಈಗ ಆಕಾಶ ಪ್ರತಿದಿನವೂ ಉಜ್ಜಿ ತೊಳೆದಿಟ್ಟ ಬಟ್ಟಲಿನಂತೆ ನೀಲಿಯಾಗಿ, ನಿರ್ದಯವಾಗಿ ಹೊಳೆಯುತ್ತಿತ್ತು. ಚಳಿಗೇನೂ ಕೊರತೆಯಿರಲಿಲ್ಲ, ಉಗುಳು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಷ್ಟು ಚಳಿಯಿತ್ತು. ಇಲ್ಲದಿದ್ದದ್ದು ಹಿಮ.

ಗೋಬಿ ಮರುಭೂಮಿಯ ಅಂಚಿನ ಆ ಹೋಬಳಿಯಲ್ಲಿ ಹಿಮವಿಲ್ಲದ ಚಳಿಗಾಲಕ್ಕೆ ಒಂದು ಹೆಸರಿದೆ: ಕರಿ ಜುದ್. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಕರೆದಂತಾಗುತ್ತದೆ. ಹಿಮ ಮಿತಿಮೀರಿ ಬಿದ್ದು ಹುಲ್ಲನ್ನು ಮುಚ್ಚಿದರೆ ಕುರಿಗಳು ಹಸಿದು ಸಾಯುತ್ತವೆ. ಅದು ಬಿಳಿ ಜುದ್. ಕರಿಯದರಲ್ಲಿ ಹುಲ್ಲಿನ ನಡುವೆ ನಿಂತೇ ಬಾಯಾರಿ ಸಾಯುತ್ತವೆ. ಬಾವಿಯಿಂದ ದೂರದ ಮೇವುನೆಲದಲ್ಲಿ, ಚಳಿಗಾಲದ ಕುರಿಗೆ ಹಿಮ ನೆಕ್ಕುವುದೇ ನೀರು ಕುಡಿಯುವುದು.

ಎಲ್ಲಿ ಹಿಮ ಇದೆ, ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎಂದು ಹೋಬಳಿಗೆ ಹೇಳುವ ಕೆಲಸ ಯಂಜ್ಮಾಳದು. ಸರ್ಕಾರದ ಈ ವೀಕ್ಷಣಾಲಯದಲ್ಲೇ ಅವಳ ಕೂದಲು ನರೆಯತೊಡಗಿತ್ತು. ಅವಳು ಗೆರೆ ಎಳೆದ ನಕ್ಷೆ ನೋಡಿ ಹಿಂಡುಗಳು ದಿಕ್ಕು ಬದಲಿಸುತ್ತಿದ್ದವು. ಅಷ್ಟು ವರ್ಷಗಳಲ್ಲಿ ಅವಳ ಗೆರೆ ದೊಡ್ಡದಾಗಿ ತಪ್ಪಿದ್ದಿಲ್ಲ.

ಆ ಬೆಳಿಗ್ಗೆ ಅವಳ ತಮ್ಮ ಗೊನ್ಚಿಗ್ ಮೋಟಾರ್‌ಸೈಕಲ್ಲನ್ನು ಬೇಲಿಗೆ ಒರಗಿಸಿ, ತುಪ್ಪಳದ ಟೊಪ್ಪಿ ಕೂಡ ತೆಗೆಯದೆ ಒಳಗೆ ಬಂದು ಒಲೆಯ ಪಕ್ಕ ಕುಳಿತ.

"ಏನಕ್ಕಾ, ಆ ಕೋಲುಗಳಿಗೆ ದಿನಾ ಪಾರಾ ಕಾಯ್ತೀಯಲ್ಲ, ಬೇರಾದ್ರೂ ಬಿಟ್ವಾ?"

"ನಿನ್ನ ಬಾಯಿಗೆ ಬಿಟ್ಟಷ್ಟು ಬಿಟ್ಟಿಲ್ಲ" ಎಂದು ಅವಳು ಉಪ್ಪುಹಾಲಿನ ಚಹಾ ಬಟ್ಟಲಿಗೆ ಸುರಿದಳು.

ಚಹಾ ಮುಗಿಯುವವರೆಗೂ ಅವನು ನಗೆಚಾಟಿಕೆಯಲ್ಲೇ ಇದ್ದ. ಬಟ್ಟಲು ಕೆಳಗಿಟ್ಟ ಮೇಲೆ ಮುಖದಲ್ಲಿ ನಗೆ ಉಳಿಯಲಿಲ್ಲ. ಅವನ ಬಾವಿಯಲ್ಲಿ ಬಕೆಟ್ಟು ಈಗ ತಳ ಕೆರೆದು ಕೆಸರು ತರುತ್ತಿತ್ತಂತೆ. ಕುರಿಗಳು ಹೆಪ್ಪುಗಟ್ಟಿದ ಕೆಸರನ್ನೇ ಕಡಿಯುತ್ತಿದ್ದವಂತೆ. ಇನ್ನು ಅಲ್ಲಿ ನಿಲ್ಲುವ ಹಾಗಿಲ್ಲ, ಹೊರಡಲೇಬೇಕು. ದಾರಿ ಇದ್ದದ್ದು ಎರಡೇ. ಉತ್ತರಕ್ಕೆ ಹೋದರೆ ಹೆಪ್ಪುಗಟ್ಟಿದ ನದಿಯಿದೆ, ಮಂಜುಗಡ್ಡೆ ಒಡೆದು ಕರಗಿಸಬಹುದು. ಆದರೆ ಅಲ್ಲಿನ ಹುಲ್ಲನ್ನು ಮೊದಲೇ ಹೋದವರು ಬೇರುಸಹಿತ ಮೇಯಿಸಿಬಿಟ್ಟಿದ್ದರು, ಗಬ್ಬದ ಕುರಿಗಳು ವಸಂತ ಕಾಣುವುದು ಅನುಮಾನ. ದಕ್ಷಿಣಕ್ಕೆ, ಬೆಟ್ಟಸಾಲಿನ ಆಚೆ, ಶಂದತ್ ಕಣಿವೆ. ಅಲ್ಲಿಗೆ ಈ ವರ್ಷ ಹೊರಗಿನ ಯಾವ ಹಿಂಡೂ ಹೋಗಿರಲಿಲ್ಲ. ಹುಲ್ಲು ಹಾಗೇ ನಿಂತಿತ್ತು.

"ಹುಲ್ಲಿರೋದು ನನಗೂ ಗೊತ್ತು. ಹಿಮ ಇದೆಯೋ ಇಲ್ವೋ, ಅದನ್ನ ನೀನು ಹೇಳ್ಬೇಕು" ಎಂದ ಗೊನ್ಚಿಗ್. "ಇಲ್ಲ ಅಂದ್ರೆ ಉತ್ತರಕ್ಕೇ ಹೋಗ್ತೀನಿ. ಅರ್ಧ ಸತ್ರೂ ಅರ್ಧ ಉಳಿಯತ್ತೆ."

ಅವನು ಹೇಳದೆ ಬಿಟ್ಟದ್ದು ಇಬ್ಬರಿಗೂ ಗೊತ್ತಿತ್ತು. ಶಂದತ್ತಿಗೆ ಹೋಗುವ ಕಣಿವೆದಾರಿ ಕಡಿದಾದದ್ದು, ದಾರಿಯುದ್ದಕ್ಕೂ ಹನಿ ನೀರಿಲ್ಲ. ಬಾಯಾರಿದ ಹಿಂಡು ಹಾಗೂ ಹೀಗೂ ಇಳಿದೀತು. ಆದರೆ ಕೆಳಗೆ ಕುಡಿಯಲು ಏನೂ ಸಿಗದಿದ್ದರೆ ಅದೇ ಹಿಂಡು ಮತ್ತೆ ಹತ್ತಿ ಬರಲಾರದು.

ಶಂದತ್ತಿನಲ್ಲಿ ಚಳಿಗಾಲ ಕಳೆಯುತ್ತಿದ್ದವನು ಬಲ್ದಾನ್ ಎಂಬ ಮುದುಕನೊಬ್ಬನೇ. ಅವನ ಗುಡಾರದ ಬಳಿ ಯಂಜ್ಮಾ ಒಂದು ಅಳತೆಗೋಲು ನೆಟ್ಟು ಬಂದಿದ್ದಳು. ಅವನು ವಾರಕ್ಕೊಮ್ಮೆ ಗುಡ್ಡದ ನೆತ್ತಿಗೆ ಹತ್ತಿ, ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ಫೋನ್ ಮಾಡುತ್ತಿದ್ದ. ಅಂದು ಅವನ ದಿನವೇ ಆಗಿತ್ತು. ಫೋನ್ ಬಂದಾಗ ಗೊನ್ಚಿಗ್ ಇನ್ನೂ ಅಲ್ಲೇ ಇದ್ದ. ಗಾಳಿಯ ಸದ್ದಿನೊಳಗಿಂದ ಮುದುಕನ ದನಿ ಬಂತು. ಚಳಿಗಾಲ ಚೆನ್ನಾಗಿ ಕಳೆಯುತ್ತಿದೆಯೇ, ದನಕರು ಕೊಬ್ಬಿವೆಯೇ ಎಂದು ಅವಳು ರೂಢಿಯಂತೆ ಕೇಳಿದಳು. ಚೆನ್ನಾಗಿದೆ, ಕೊಬ್ಬಿವೆ ಎಂದು ಅವನೂ ರೂಢಿಯಂತೆ ಹೇಳಿದ. ಎಲ್ಲ ಸತ್ತು ಬಿದ್ದಿದ್ದರೂ ಆ ಪ್ರಶ್ನೆಗೆ ಅದೇ ಉತ್ತರ. ಆಮೇಲೆ ಅವನು ಅಳತೆ ಹೇಳಿದ.

"ಕೋಲಲ್ಲಿ ಏನೂ ಇಲ್ಲ ಮಗಳೇ. ನೆಲ ಕಪ್ಪು. ಈ ಕಡೆ ಯಾರೂ ಬರಬೇಡಿ."

ಅಷ್ಟು ಹೇಳಿ ಫೋನ್ ಇಟ್ಟ. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊನ್ಚಿಗ್‌ಗೆ ನಗು ತಡೆಯಲಾಗಲಿಲ್ಲ.

"ಹಾಗಾದ್ರೆ ಮೊಣಕಾಲುದ್ದ ಬಿದ್ದಿದೆ."

ಬರುತ್ತೇವೆಂದು ಯಾರೂ ಹೇಳಿರಲಿಲ್ಲ. ಕೇಳದೆಯೇ 'ಬರಬೇಡಿ' ಎಂದವನು ಏನನ್ನೋ ಬಚ್ಚಿಟ್ಟುಕೊಂಡಿದ್ದಾನೆ ಎಂದು ಆ ಸೀಮೆಯ ಎಳೆಯ ಮಗುವಿಗೂ ತಿಳಿಯುತ್ತದೆ. ಹಿಮ ಬಿದ್ದ ಕಣಿವೆಯ ಸುದ್ದಿ ಹಬ್ಬಿದರೆ ನಾಲ್ಕೂ ದಿಕ್ಕಿನ ಹಿಂಡುಗಳು ಅಲ್ಲಿಗೆ ನುಗ್ಗುತ್ತವೆ. ಚಳಿಗಾಲವಿಡೀ ಬರಬೇಕಾದ ಮೇವು ಕಣ್ಣುಮುಚ್ಚಿ ಬಿಡುವುದರೊಳಗೆ ನೆಲಸಮವಾಗುತ್ತದೆ. ಅದಕ್ಕೇ ಹಿಮವಿದ್ದವರು ಇಲ್ಲವೆನ್ನುತ್ತಾರೆ. ಅದನ್ನು ಅಲ್ಲಿ ಯಾರೂ ಸುಳ್ಳೆಂದು ಕರೆಯುವುದಿಲ್ಲ. ಅವರ ಅಪ್ಪನೇ ಒಮ್ಮೆ, ಸುತ್ತ ಬೆಳ್ಳಗೆ ಹಾಸಿಕೊಂಡಿದ್ದ ವರ್ಷ, ದಾರಿ ಕೇಳಿ ಬಂದ ಸವಾರರಿಗೆ ಬೆಟ್ಟದ ಈ ಬದಿಯಲ್ಲೇ ಎದುರಾಗಿ, ಆಚೆ ಬರೀ ಕಲ್ಲು ಎಂದು ನಿಟ್ಟುಸಿರಿಟ್ಟು ಹೇಳಿ, ಅವರಿಗೆ ಮಾಂಸದೂಟ ಹಾಕಿ ಹಿಂದಕ್ಕೆ ಕಳಿಸಿದ್ದ. ಕುರಿಗಾಹಿಗಳ ವರದಿಗಳನ್ನು ಯಂಜ್ಮಾ ಯಾವತ್ತೂ ಈ ಲೆಕ್ಕದಲ್ಲೇ ತಿದ್ದಿಕೊಳ್ಳುತ್ತಿದ್ದಳು. ಇಲ್ಲವೆಂದವನಿಗೆ ಒಂದಿಷ್ಟು ಕೂಡಿಸುವುದು, ಧಾರಾಳವಾಗಿದೆಯೆಂದವನಿಂದ ಒಂದಿಷ್ಟು ಕಳೆಯುವುದು. ಜಿಲ್ಲಾ ಕಚೇರಿಯವರ ಯಂತ್ರಕ್ಕೆ ಗೊತ್ತಿಲ್ಲದ ಈ ತಿದ್ದುಪಡಿಯಿಂದಲೇ ಅವಳ ಮುನ್ಸೂಚನೆಗಳು ನಿಜವಾಗುತ್ತಿದ್ದವು.

ಮಧ್ಯಾಹ್ನದ ಹೊತ್ತಿಗೆ ಜಿಲ್ಲಾ ಕಚೇರಿಯಿಂದ ಉಪಗ್ರಹದ ಚಿತ್ರ ಬಂತು. ಕಂದು ಬಣ್ಣದ ಬೆಟ್ಟಗಳ ನಡುವೆ, ಶಂದತ್ ಕಣಿವೆಯ ಉದ್ದಕ್ಕೂ, ಅಲ್ಲಿನ ಕುಡಿಯಲಾಗದ ನೀರಿನ ಸರೋವರದಿಂದ ಪೂರ್ವಕ್ಕೆ ಚಾಚಿದ ಬಿಳಿಯ ನಾಲಿಗೆ. ಗಾಳಿ ಹಿಮವನ್ನು ಗುಡಿಸಿ ಒಟ್ಟಿದಾಗ ಹೀಗೇ ಕಾಣುತ್ತದೆ. ಅಲ್ಲಿನ ಅಧಿಕಾರಿ ಫೋನಿನಲ್ಲಿ ಎಚ್ಚರಿಕೆಯಿಂದಲೇ ಮಾತಾಡಿದ. ಅದು ಮೋಡವಲ್ಲ, ಕದಲದೆ ಅಲ್ಲೇ ಇದೆ, ಆದರೆ ನೆಲದ ಮೇಲಿನಿಂದ ಖಚಿತವಾಗುವವರೆಗೆ ತಾನು ಹಿಮವೆಂದು ಗುರುತಿಸುವುದಿಲ್ಲ ಎಂದ.

ನೆಲದ ಮೇಲಿನ ಮಾತು ಅವಳ ಕಿವಿಯಲ್ಲೇ ಇತ್ತು. ಒಂದು ಗಳಿಗೆ ಅವಳು ಹಿಂಜರಿದಳು. ಹಿಮ ಬಚ್ಚಿಡುವವರು ಸಾಮಾನ್ಯವಾಗಿ ಮಾತು ಬೆಳೆಸುತ್ತಾರೆ, ಮಂಡಿನೋವು ಹೇಳುತ್ತಾರೆ, ನಶ್ಯ ಕಳಿಸಲು ಬೇಡುತ್ತಾರೆ. ಬಲ್ದಾನ್ ಏನನ್ನೂ ಬೇಡಿರಲಿಲ್ಲ. ಆದರೆ ಗಾಳಿ ಜೋರಿತ್ತು, ಮುದುಕನಿಗೆ ಚಳಿ ತಡೆದಿರಲಿಕ್ಕಿಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

"ಖಚಿತ" ಎಂದಳು ಅಧಿಕಾರಿಗೆ. ತಮ್ಮನ ಕಡೆ ತಿರುಗಿ, "ಹೋಗು" ಎಂದಳು.

ಗೊನ್ಚಿಗ್ ಮತ್ತು ಅವನ ಹೆಂಡತಿ ದೆಜಿದ್ ಗುಡಾರ ಬಿಚ್ಚಿ ಒಂಟೆಗಳ ಮೇಲೆ ಹೇರಿ ಹೊರಟಾಗ ಯಂಜ್ಮಾ ಬೀಳ್ಕೊಡಲು ಹೋಗಿದ್ದಳು. ಹಿಂಡು ಮುಂದೆ, ಒಂಟೆಗಳ ಸಾಲು ಹಿಂದೆ. ಪಯಣ ಶುಭವಾಗಲೆಂದು ಅವಳು ಮರದ ಸೌಟಿನಿಂದ ಅವರ ದಾರಿಯತ್ತ ಹಾಲು ಚಿಮುಕಿಸಿದಳು. ಎದುರುಗಾಳಿ ಬೀಸಿ ಹಾಲಿನ ಹನಿಗಳೆಲ್ಲ ಅವಳ ನಿಲುವಂಗಿಯ ಮೇಲೆಯೇ ಬಿದ್ದು ಮಣಿಗಟ್ಟಿದವು. ದೆಜಿದ್ ಅದನ್ನು ನೋಡಿದಳು, ನೋಡದವಳಂತೆ ಮುಖ ತಿರುಗಿಸಿದಳು.

ಮಿಕ್ಕ ಕುಟುಂಬಗಳೂ ಸುಮ್ಮನಿರಲಿಲ್ಲ. ಹವಾಮಾನದವಳ ಸ್ವಂತ ತಮ್ಮನೇ ದಕ್ಷಿಣಕ್ಕೆ ಹೊರಟ ಮೇಲೆ ನಕ್ಷೆಯನ್ನು ಯಾರು ನೋಡುತ್ತಾರೆ? ಅವರೂ ಗಂಟುಮೂಟೆ ಕಟ್ಟತೊಡಗಿದರು.

ಗೊನ್ಚಿಗ್ ಬೆಟ್ಟ ದಾಟಿರಬೇಕು ಎನ್ನುವ ಹೊತ್ತಿಗೆ, ಒಂದು ಮಧ್ಯಾಹ್ನ ಯಂಜ್ಮಾ ಹೋಬಳಿಯ ಊಟದಂಗಡಿಯಲ್ಲಿ ಕುಳಿತಿದ್ದಳು. ಮಾಂಸ ತುಂಬಿದ ಕಡುಬು ತಟ್ಟೆಯಲ್ಲಿ ಹಬೆಯಾಡುತ್ತಿತ್ತು. ಬಾಗಿಲು ತಳ್ಳಿಕೊಂಡು ಬಂದವನು ಹುರ್ಲೆ. ದಕ್ಷಿಣದ ಗಣಿಗಳಿಂದ ಕಲ್ಲಿದ್ದಲು ತರುವ ಲಾರಿಯ ಚಾಲಕ, ಹೋಬಳಿಯ ಬಾಯಿಬಡುಕ. ಸೀದಾ ಒಲೆಯ ಬಳಿ ಹೋಗಿ ಕಾಲು ಚಾಚಿ ಕುಳಿತ. ಅವನ ಬೂಟುಗಳು ಮೀನಖಂಡದವರೆಗೂ ಬೆಳ್ಳಗಿದ್ದವು.

ಅಂಗಡಿಯ ಹೆಂಗಸು ರೇಗಿದಳು. "ಏಯ್ ಹುರ್ಲೆ, ಹಿಮ ಝಾಡಿಸ್ಕೊಂಡು ಬರೋಕೇನು ರೋಗ? ಈಗ ತಾನೇ ನೆಲ ಒರೆಸಿದ್ದೀನಿ. ಕರಗಿ ಕೊಚ್ಚೆ ಆದ್ರೆ ನಿನ್ನ ಟೊಪ್ಪೀಲೇ ಒರೆಸ್ತೀನಿ ನೋಡು."

"ಟೊಪ್ಪಿ ಒಗೆದ ಹಾಗೂ ಆಗತ್ತೆ, ಒರೆಸು" ಎಂದ ಹುರ್ಲೆ.

ಯಂಜ್ಮಾಳಿಗೆ ಮೊದಲು ಮನಸ್ಸು ಹಗುರಾಯಿತು. ದಕ್ಷಿಣದಲ್ಲಿ ಹಿಮವಿದೆ, ಕಣ್ಣೆದುರೇ ಸಾಕ್ಷಿ. ಅವಳು ಕಡುಬು ತಿಂದಳು, ಚಹಾ ಕುಡಿದಳು. ಹುರ್ಲೆ ಗಣಿಯ ಮೇಸ್ತ್ರಿಯ ಕಥೆಯೊಂದನ್ನು ಹೇಳಿ ಎಲ್ಲರನ್ನೂ ನಗಿಸಿದ. ನಗು ನಿಂತಾಗ ಅವಳ ಕಣ್ಣು ಮತ್ತೆ ಆ ಬೂಟುಗಳ ಮೇಲೆ ಹೋಯಿತು. ಒಲೆ ಕೆಂಪಗೆ ಕಾದಿತ್ತು. ಬೂಟುಗಳು ಅದಕ್ಕೆ ತಾಗುವಷ್ಟು ಹತ್ತಿರದಲ್ಲಿದ್ದವು. ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ.

ಬೂಟು ಇನ್ನೂ ಬೆಳ್ಳಗೇ ಇತ್ತು.

ಅವಳು ಎದ್ದು ಹೋಗಿ, ಏನಾಯಿತೆಂದು ಅವನು ಕೇಳುವಷ್ಟರಲ್ಲಿ ಬಗ್ಗಿ, ಬೆರಳಿನಿಂದ ಆ ಬಿಳುಪನ್ನು ಕೆರೆದು ನಾಲಿಗೆಗೆ ಇಟ್ಟುಕೊಂಡಳು. ಸೋಪು ಕಚ್ಚಿದ ಹಾಗೆ ಕಹಿ, ಅದರ ಹಿಂದೆಯೇ ಗಂಟಲನ್ನು ಹಿಂಡುವ ಉಪ್ಪು. ಸವುಳು.

"ಅಯ್ಯೋ ಅಕ್ಕ, ಬೂಟು ಯಾಕೆ ನೆಕ್ತೀಯಾ, ಕಡುಬು ಸಾಲಲಿಲ್ವಾ?"

"ಎಲ್ಲಿಂದ ಬಂತು ಇದು?"

ಹುರ್ಲೆಗೆ ಅವಳ ಮುಖ ನೋಡಿ ನಗೆ ಇಳಿಯಿತು. ಶಂದತ್ ಸರೋವರದಿಂದ ಎಂದ. ಈ ಸಲ ಸುತ್ತುದಾರಿ ಬಿಟ್ಟು ಸರೋವರದ ಮೇಲೆಯೇ ಅಡ್ಡಹಾಯ್ದು, ಹಿಂಡುಗಳು ಹಿಡಿಯದ ಗಣಿಯ ಹಾದಿಯಿಂದ ಬಂದನಂತೆ.

"ಮಂಜುಗಡ್ಡೆ ಮೇಲಾ?"

"ಮಂಜುಗಡ್ಡೆ ಎಲ್ಲಿದೆ ಅಕ್ಕ, ನೀರಿದ್ರೆ ತಾನೆ? ಕೆರೆ ಪೂರಾ ಹೋಗಿದೆ. ಹಿಟ್ಟು ಚೆಲ್ಲಿದ ಹಾಗೆ ಬರೀ ಸವುಳು, ಗಾಳಿಗೆ ಎದ್ದು ಕಣಿವೆ ತುಂಬಾ ಹರಡಿದೆ. ಹುಲ್ಲಿನ ಮೇಲೆ, ಕಲ್ಲಿನ ಮೇಲೆ, ಎಲ್ಲ ಕಡೆ. ದೂರದಿಂದ ನೋಡ್ದೋರು ಹಿಮ ಅಂತಲೇ ಅಂದ್ಕೋಬೇಕು."

ಯಂಜ್ಮಾ ಬೆರಳನ್ನು ನಿಲುವಂಗಿಗೆ ಒರೆಸಿಕೊಂಡಳು. ಮುದುಕ ನಿಜವನ್ನೇ ಹೇಳಿದ್ದ. ಇಡೀ ಸೀಮೆಯಲ್ಲಿ ಆ ವರ್ಷ ಅಳೆದದ್ದನ್ನು ಅಳೆದಂತೆಯೇ ಹೇಳಿದವನು ಅವನೊಬ್ಬನೇ ಇರಬೇಕು. ಅವಳು ಅದನ್ನು ತಿದ್ದಿದ್ದಳು.

ಗೊನ್ಚಿಗ್‌ನ ಫೋನ್ ಬೆಟ್ಟದ ಆಚೆ ಸತ್ತಿತ್ತು. ಅವಳು ಹೋಬಳಿಯ ಮುಖ್ಯಸ್ಥನ ಕೋಣೆಗೆ ಹೋಗಿ, ತನ್ನ ನಕ್ಷೆ ತಪ್ಪು, ಕಟ್ಟಿದ ಗಂಟು ಬಿಚ್ಚಲು ಹೇಳಿ, ಒಂದು ಹಿಂಡೂ ದಕ್ಷಿಣಕ್ಕೆ ಹೊರಡಕೂಡದು ಎಂದಳು. ಅವನು ಅವಳ ಮುಖ ನೋಡಿ ಫೋನ್ ಎತ್ತಿಕೊಂಡ. ಉಳಿದವರು ನಿಂತರು. ಹೋಗಿಯಾಗಿದ್ದವನು ಅವಳ ತಮ್ಮನೊಬ್ಬನೇ.

ಲಾರಿಯನ್ನು ಶಂದತ್ತಿಗೆ ತಿರುಗಿಸಬೇಕೆಂದು ಅವಳು ಕೇಳಿದಾಗ ಹುರ್ಲೆ ಮೊದಲು ಗೊಣಗಿದ. ಆಮೇಲೆ ಯಾರೂ ಹೇಳದೆಯೇ ಲಾರಿಯ ಕಲ್ಲಿದ್ದಲನ್ನು ಅಂಗಡಿಯ ಹಿಂದೆ ಸುರಿದ. ಹೋಬಳಿಯ ಕೊಳವೆಬಾವಿಯ ಬುಡದಲ್ಲಿ ಸೋರಿ ಸೋರಿ ಕಟ್ಟಿದ್ದ ಮಂಜುಗಡ್ಡೆಯನ್ನು ಹಾರೆಯಿಂದ ಒಡೆದು, ಇಬ್ಬರೂ ಸೇರಿ ಗೋಣಿಚೀಲಗಳಿಗೆ ತುಂಬಿ ಹೇರಿದರು. ಅದೆಷ್ಟು ಪ್ರಾಣಿಗಳಿಗೆ ಸಾಕೆಂದು ಯಂಜ್ಮಾ ಮನಸ್ಸಿನಲ್ಲೇ ಲೆಕ್ಕ ಹಾಕಲು ಹೋಗಿ ನಿಲ್ಲಿಸಿದಳು.

ಬೆಳಕು ಹರಿಯುತ್ತಲೇ ಲಾರಿ ಕಣಿವೆದಾರಿ ಹತ್ತಿತು. ನೆತ್ತಿಯಲ್ಲಿದ್ದ ಹರಕೆಯ ಕಲ್ಲುಗುಡ್ಡೆಗೆ ಇಳಿದು ಸುತ್ತು ಬರಲು ಹೊತ್ತಿರಲಿಲ್ಲ. ಹುರ್ಲೆ ಹಾರನ್ ಒತ್ತಿ ಕೈಮುಗಿದ. ಅಲ್ಲಿಂದ ಆಚೆ ದಾರಿಯ ಮೇಲೆ ಹಿಂಡಿನ ಗುರುತುಗಳು ಕಂಡವು. ಅವಳು ಲಾರಿ ನಿಲ್ಲಿಸಲು ಹೇಳಿ, ಇಳಿದು ಹಿಕ್ಕೆಗಳನ್ನು ಕೈಗೆತ್ತಿಕೊಂಡಳು. ಸೀಸದ ಗುಂಡುಗಳಂತೆ ಸಣ್ಣಗೆ ಗಟ್ಟಿಯಾಗಿದ್ದವು, ಉಗುರು ಕೂಡ ಇಳಿಯಲಿಲ್ಲ. ಒಡಲೊಳಗೆ ನೀರಿಲ್ಲದ ಕುರಿಗಳ ಹಿಕ್ಕೆ. ಅವಳು ಮತ್ತೆ ಹತ್ತಿ ಕುಳಿತಳು. ಹುರ್ಲೆ ಲಾರಿಯನ್ನು ಇಳಿಜಾರಿಗೆ ಬಿಟ್ಟ.

ಕಣಿವೆ ತೆರೆದುಕೊಂಡಿತು. ಹುಲ್ಲು ಎಂದರೆ ಅಂಥ ಹುಲ್ಲು. ಹೊನ್ನಿನ ಬಣ್ಣಕ್ಕೆ ತಿರುಗಿ, ಯಾವ ಹಿಂಡೂ ಮುಟ್ಟದೆ, ಗಾಳಿಗೆ ಬಾಗಿ ಏಳುತ್ತಿತ್ತು. ಅದರಾಚೆ ಬಿಳುಪು. ನೆಲವೆಲ್ಲ ಬೆಳ್ಳಗೆ, ತಣ್ಣಗೆ, ಶಾಂತವಾಗಿ ಬಿದ್ದಿತ್ತು. ಈಗಲೂ, ಎಲ್ಲ ತಿಳಿದ ಮೇಲೂ, ಅವಳ ಕಣ್ಣು ಅದನ್ನು ಹಿಮವೆಂದೇ ಓದಿತು.

ಆ ಬಿಳುಪಿನ ಮೇಲೆ ಕುರಿಗಳು ಹರಡಿಕೊಂಡಿದ್ದವು. ತಲೆ ತಗ್ಗಿಸಿ ನೆಕ್ಕುತ್ತಿದ್ದವು.

ಸವುಳು ಕಂಡರೆ ಕುರಿ ಬಿಡುವುದಿಲ್ಲ. ಬಾಯಾರಿದ ಕುರಿ ಅದನ್ನು ಹಿಮವೆಂದು ನೆಕ್ಕುತ್ತದೆ, ನೆಕ್ಕಿದಷ್ಟೂ ಬಾಯಾರುತ್ತದೆ, ಬಾಯಾರಿದಷ್ಟೂ ನೆಕ್ಕುತ್ತದೆ. ಗೊನ್ಚಿಗ್ ಕುದುರೆಯ ಮೇಲಿಂದ ಚಾವಟಿ ಬೀಸಿ ಒಂದು ಕಡೆಯಿಂದ ಓಡಿಸುತ್ತಿದ್ದ. ದೆಜಿದ್ ಇನ್ನೊಂದು ಕಡೆಯಿಂದ ನಿಲುವಂಗಿಯ ಸೆರಗು ಬೀಸುತ್ತಿದ್ದಳು. ಅಟ್ಟಿದವು ಅಟ್ಟಿದಷ್ಟು ದೂರ ಹೋಗಿ, ಅಲ್ಲೇ ತಲೆ ತಗ್ಗಿಸುತ್ತಿದ್ದವು. ಕೆಲವು ಆಗಲೇ ಮಂಡಿಯೂರಿದ್ದವು.

ಗೊನ್ಚಿಗ್‌ನ ತುಟಿ ಬಿರಿದು ರಕ್ತ ಹೆಪ್ಪುಗಟ್ಟಿತ್ತು. ಅವನು ಅಕ್ಕನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

"ಮೇಲಿಂದ ನೋಡಿ ನಾವೂ ಹಿಮ ಅಂದ್ಕೊಂಡ್ವಿ" ಎಂದ. "ದೆಜಿದ್ ಹಾಡು ಬೇರೆ ಹೇಳಿದ್ಳು. ಅವು ಓಡಿದ್ದು ನೋಡ್ಬೇಕಿತ್ತು ಅಕ್ಕ. ಕುಣಿದು ಕುಣಿದು ಓಡಿದ್ವು."

ಮುದುಕನ ಬಾವಿ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಅಂಥ ಬಾವಿಯನ್ನೂ ಆ ಸೀಮೆಯವರು ಬಾಯಿಬಿಟ್ಟು ಹೇಳುವುದಿಲ್ಲ. ಅಳತೆಗೋಲು ನೆಡಲು ಬಂದಾಗ ಯಂಜ್ಮಾ ಕಂಡಿದ್ದಳು. ಅವಳು ಗುಡ್ಡದ ಸಂದು ತೋರಿಸಿದಳು. ನಿಲ್ಲಲಾರದ ಕುರಿಗಳನ್ನು ಲಾರಿಗೆ ಏರಿಸಿ, ಉಳಿದವನ್ನು ಗೋಣಿಯೊಳಗಿನ ಮಂಜುಗಡ್ಡೆಯ ಆಸೆ ತೋರಿಸುತ್ತ, ಹಿಂದಿನಿಂದ ಹೊಡೆಯುತ್ತ, ಸೂರ್ಯ ಇಳಿಯತೊಡಗುವ ಹೊತ್ತಿಗೆ ಸಂದು ತಲುಪಿದರು.

ಬಲ್ದಾನ್ ಬಾವಿಯ ಮರದ ಮುಚ್ಚಳದ ಮೇಲೆ ಕುಳಿತಿದ್ದ. ಅವರು ಬರುವುದನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಿರಬೇಕು. ಅವನ ಹಿಂದೆ, ಕಲ್ಲಿನ ದೊಡ್ಡಿಯಲ್ಲಿ ಅವನದೇ ಪುಟ್ಟ ಹಿಂಡು. ಪಕ್ಕೆಲುಬುಗಳು ಕಾಣುತ್ತಿದ್ದವು, ಆದರೂ ನಿಂತಿದ್ದವು.

ಅಷ್ಟರಲ್ಲೂ ಯಂಜ್ಮಾ ಕೇಳಬೇಕಾದದ್ದನ್ನು ಕೇಳಿದಳು. ಚಳಿಗಾಲ ಚೆನ್ನಾಗಿ ಕಳೆಯುತ್ತಿದೆಯೇ? ಚೆನ್ನಾಗಿ ಕಳೆಯುತ್ತಿದೆ ಎಂದ ಮುದುಕ. ಆಮೇಲೆ ಅವಳನ್ನೇ ದಿಟ್ಟಿಸಿದ.

"ಬರಬೇಡಿ ಅಂದಿದ್ದೆ."

"ಕೇಳಿಸ್ಕೊಂಡೆ ಅಜ್ಜ."

"ಕೇಳಿಸ್ಕೊಂಡೂ ಬಂದ್ರಾ?" ನಿಧಾನವಾಗಿ ಎಲ್ಲ ಅವನಿಗೆ ಹೊಳೆಯಿತು. ಮೂಗಿನಿಂದ ಉಸಿರು ಬಿಟ್ಟ, ನಗೆಯೂ ಇರಬಹುದು. "ಹೂಂ. ನಾನಾಗಿದ್ರೂ ನಂಬ್ತಿರಲಿಲ್ಲ."

ಸರೋವರ ಬತ್ತಿದ್ದನ್ನು ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ನೀರು ಸತ್ತ ಸುದ್ದಿಯನ್ನು ಬಾಯಿಂದ ಆಡಿದರೆ ಅದರ ಒಡೆಯನಾದ ದೇವತೆ ಮರಳಿ ಬರುವುದೇ ಇಲ್ಲ. ಅವಳು ಮುದುಕನ ಜಾಗದಲ್ಲಿದ್ದರೂ ಹೇಳುತ್ತಿರಲಿಲ್ಲ.

ನೀರಿನ ವಾಸನೆ ಹಿಡಿದ ಕುರಿಗಳು ಒಂದರ ಮೇಲೊಂದು ಬಿದ್ದು ಒತ್ತತೊಡಗಿದವು. ಗೊನ್ಚಿಗ್, ದೆಜಿದ್, ಹುರ್ಲೆ ಮೂವರೂ ಅಡ್ಡ ನಿಂತರು. ಬಲ್ದಾನ್ ಮುಚ್ಚಳದಿಂದ ಏಳಲಿಲ್ಲ.

"ನೀನು ಅಳೆಯೋಳಲ್ವಾ ಮಗಳೇ" ಎಂದ. "ಅಳೆ. ಆಮೇಲೆ ಮಾತಾಡೋಣ."

ಅವನು ಸರಿದು ಮುಚ್ಚಳವನ್ನು ಸಂದುಬಿಡುವಷ್ಟೇ ಎತ್ತಿದ. ಯಂಜ್ಮಾ ಕಿಸೆಯಲ್ಲಿದ್ದ ಗುಂಡುಕಟ್ಟಿದ ಹುರಿಯನ್ನು ಇಳಿಬಿಟ್ಟಳು. ಅದು ಬಹಳ ಹೊತ್ತು ಇಳಿಯಿತು. ನೀರು ಮುಟ್ಟಿದ ಸದ್ದು ಕೇಳಿದ ಮರುಗಳಿಗೆಯೇ ತಳ ಮುಟ್ಟಿದ ಸದ್ದೂ ಕೇಳಿತು. ಹುರಿ ಎಳೆದುಕೊಂಡು ಒದ್ದೆಯಾದಷ್ಟನ್ನು ಗೇಣಿನಲ್ಲಿ ಅಳೆದಳು. ಒಂದು ಗೇಣಿಗೆ ತುಂಬಲಿಲ್ಲ. ಬಾವಿಗೆ ನೀರು ಮತ್ತೆ ಊರುವುದೆಷ್ಟು ಹೊತ್ತಿಗೆ ಎಂದು ಕೇಳಿದಳು. ಬೆಳಿಗ್ಗೆ ಮೊಗೆದರೆ ಸಂಜೆಗೆ ಇಷ್ಟು, ಅದೂ ದಿನದಿನಕ್ಕೆ ಕಡಿಮೆ ಎಂದ ಮುದುಕ.

"ಇನ್ನು ಒಂದೇ ಮಾತು. ಅದನ್ನ ಹೇಳೋದು ನಿನ್ನ ಕೆಲಸ." ಅವನು ಅಂಗೈಯನ್ನು ಮುಚ್ಚಳದ ಮೇಲೆ ಊರಿದ. "ಹಿಮ ಯಾವಾಗ ಬೀಳತ್ತೆ? ಹೊಸ ವರ್ಷದ ಹಬ್ಬದೊಳಗೆ ಬೀಳತ್ತೆ ಅಂದ್ರೆ, ಇವತ್ತು ಮುಚ್ಚಳ ತೆಗೆದು ಎಲ್ಲಾದಕ್ಕೂ ಕುಡಿಸ್ತೀನಿ. ನಿಮ್ಮವು, ನನ್ನವು, ಎಲ್ಲ. ಬೀಳಲ್ಲ ಅಂದ್ರೆ, ನನ್ನವು ಸಾಯದ ಹಾಗೆ ಎಷ್ಟಕ್ಕೆ ಕೊಡಬಹುದೋ ಅಷ್ಟಕ್ಕೇ."

ಗೊನ್ಚಿಗ್ ತಿರುಗಿ ಅಕ್ಕನನ್ನು ನೋಡಿದ. ಅವನ ಕಣ್ಣಲ್ಲಿ ಬೇಡಿಕೆಯಿತ್ತು. ಸುಮ್ಮನೆ ಒಂದು ಮಾತು. ಬೀಳುತ್ತದೆ. ಅಷ್ಟು ಸಾಕು. ಅಂಥ ಮಾತನ್ನು ಅವರ ಅಪ್ಪ ನಿಟ್ಟುಸಿರಿಟ್ಟು ಸಲೀಸಾಗಿ ಹೇಳುತ್ತಿದ್ದ. ಇವತ್ತಿನ ಬಾಯಾರಿಕೆ ಕಳೆದರೆ ನಾಳೆ ಏನೋ ಒಂದು ದಾರಿ ಎಂದು ಗೊನ್ಚಿಗ್ ನಂಬಿದ್ದ. ದೆಜಿದ್ ಕಣ್ಣು ಮುಚ್ಚಿಕೊಂಡಿದ್ದಳು.

ಮುದುಕ ನಂಬುತ್ತಾನೆ ಎಂದು ಯಂಜ್ಮಾಳಿಗೆ ಗೊತ್ತಿತ್ತು. ಹಾಗೆಯೇ ಇನ್ನೊಂದೂ ಗೊತ್ತಿತ್ತು. ತಿಂಗಳುಗಟ್ಟಲೆ ಆ ನೀಲಿ ಆಕಾಶವನ್ನು, ಏರಿದ್ದು ಇಳಿಯದ ಗಾಳಿಯೊತ್ತಡವನ್ನು ಅಳೆದವಳು ಅವಳೇ. ಉತ್ತರದಿಂದ ಬರಬೇಕಾದ ಮೋಡಗಳು ಬೆಟ್ಟಗಳ ಆಚೆಯಿಂದಲೇ ಸರಿದು ಹೋಗುತ್ತಿದ್ದವು, ಹೋಗುತ್ತಲೇ ಇರುತ್ತವೆ. ಮುಚ್ಚಳ ತೆಗೆದರೆ ಇವತ್ತು ಎಲ್ಲವೂ ಕುಡಿಯುತ್ತವೆ. ನಾಳೆ, ನಾಡಿದ್ದು, ತಳದಲ್ಲಿ ಕೆಸರು ಉಳಿಯುತ್ತದೆ. ಆಮೇಲೆ ಮುದುಕನ ಹಿಂಡು, ತಮ್ಮನ ಹಿಂಡು ಎಂಬ ಭೇದವೇ ಇರುವುದಿಲ್ಲ.

"ಬೀಳಲ್ಲ ಅಜ್ಜ" ಎಂದಳು. "ಹಬ್ಬದೊಳಗೂ ಬೀಳಲ್ಲ. ಅದಾದ ಮೇಲೂ ಬೀಳೋ ಗುರುತಿಲ್ಲ."

ಗೊನ್ಚಿಗ್ ಟೊಪ್ಪಿ ತೆಗೆದು ಮುಖ ಒರೆಸಿಕೊಂಡ, ಮತ್ತೆ ಹಾಕಿಕೊಂಡ. ಬಲ್ದಾನ್ ಅವಳ ಮುಖವನ್ನು ಇನ್ನಷ್ಟು ಹೊತ್ತು ನೋಡಿ, ತಲೆಯಾಡಿಸಿದ.

"ಗಬ್ಬದವು" ಎಂದ. "ಅದರಲ್ಲೂ ಎಳೇವು. ಟಗರು ಒಂದು. ಒಂಟೆಗಳು ಹೇಗೋ ತಡೀತವೆ, ಅವನ್ನ ಉತ್ತರಕ್ಕೆ ಹೊಡ್ಕೊಂಡು ಹೋಗಿ. ಮಂಜುಗಡ್ಡೆ ಕುದುರೆಗಳಿಗೆ. ಮಿಕ್ಕಿದ್ದು…" ಅವನು ಮುಗಿಸಲಿಲ್ಲ. ಮಿಕ್ಕವನ್ನು ಇವತ್ತೇ, ಮೈಮೇಲೆ ಮಾಂಸವಿರುವಾಗಲೇ, ಕೊಯ್ಯಬೇಕಾಗುತ್ತದೆ ಎಂದು ಅಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ಹುರ್ಲೆ ಹೋಗಿ ಲಾರಿಯ ಹಿಂಬಾಗಿಲನ್ನು ಇಳಿಸಿದ.

ಮುಚ್ಚಳ ತೆರೆಯಿತು. ಮುದುಕ ಮೊದಲ ಬಕೆಟ್ಟನ್ನು ಎಳೆದು ಮರದ ತೊಟ್ಟಿಗೆ ಸುರಿದಾಗ ಹಿಂಡಿನಲ್ಲಿ ಅಲೆ ಎದ್ದ ಹಾಗಾಯಿತು. ತೊಟ್ಟಿಯ ಮುಂದೆ ಒಂದೇ ಕುರಿ ನುಗ್ಗುವಷ್ಟು ಜಾಗ ಬಿಟ್ಟು ಕಲ್ಲುಗಳನ್ನು ಜೋಡಿಸಿದರು. ಅಲ್ಲಿ ಒಬ್ಬರು ನಿಲ್ಲಬೇಕಿತ್ತು. ಬಂದ ಕುರಿಯ ಹೊಟ್ಟೆ ಮುಟ್ಟಿ ನೋಡಿ, ಹಲ್ಲು ನೋಡಿ, ಒಂದೋ ತೊಟ್ಟಿಗೆ ಬಿಡಬೇಕು, ಇಲ್ಲವೇ ಲಾರಿಯ ಕಡೆಗೆ ತಿರುಗಿಸಬೇಕು. ದೆಜಿದ್ ತನ್ನಿಂದಾಗದೆಂದು ಮೊದಲೇ ಹಿಂದೆ ಸರಿದಿದ್ದಳು. ಮರಿಗಳಾಗಿದ್ದಾಗ ಅವಳೇ ಅವಕ್ಕೆ ಹೆಸರಿಟ್ಟಿದ್ದಳು. ಗೊನ್ಚಿಗ್ ಕಲ್ಲುಗಳ ನಡುವೆ ಹೋಗಿ ನಿಂತ. ಮೊದಲ ಕುರಿಯ ಮೇಲೆ ಕೈಯಿಟ್ಟ. ಅದು ಮುದಿಯಾಗಿತ್ತು. ಅವನ ಕೈ ಅದರ ಬೆನ್ನಿನ ಮೇಲೆಯೇ ಉಳಿಯಿತು, ಅತ್ತಲೂ ತಳ್ಳಲಿಲ್ಲ, ಇತ್ತಲೂ ಬಿಡಲಿಲ್ಲ.

ಅವನು ಅಕ್ಕನ ಕಡೆ ನೋಡದೆಯೇ ಕೇಳಿದ. "ನೀನು ನಿಲ್ತೀಯಾ?"

ಯಂಜ್ಮಾ ಹೋಗಿ ಅವನ ಜಾಗದಲ್ಲಿ ನಿಂತಳು. ಕೈಗವಸು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುದಿಕುರಿಯ ಕೊಂಬು ಹಿಡಿದಳು. ಅದು ಅವಳ ಅಂಗೈಯನ್ನು ಒಂದು ಸಲ ನೆಕ್ಕಿತು. ನಾಲಿಗೆ ಉಪ್ಪುಕಾಗದದ ಹಾಗೆ ಒಣಗಿತ್ತು. ಅವಳು ಅದರ ತಲೆಯನ್ನು ಲಾರಿಯ ಕಡೆಗೆ ತಿರುಗಿಸಿ, ಮುಂದಿನದಕ್ಕೆ ಕೈ ಚಾಚಿದಳು.